ಎರಡು ಗಂಟೆಯ ಷಡ್ಜ

ನನ್ನ ಶಿಷ್ಯರಲ್ಲಿ ನನಗಿಂತ ಇಪ್ಪತ್ತು ವರ್ಷ ದೊಡ್ಡವರು ಅಂತ ಇದ್ದದ್ದು ಒಬ್ಬರೇ. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೂ ಶಿವಮೊಗ್ಗದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ, ಭದ್ರಾವತಿಯಲ್ಲಿ ಬರೆಯದಿದ್ದರೂ ಗೊತ್ತಾಗುತ್ತದೆ. ದುರ್ಗಿಗುಡಿಯ ನಮ್ಮ ಸಂಗೀತ ಪಾಠದ ಮನೆಯಲ್ಲಿ ಮಕ್ಕಳು ಅವರನ್ನು 'ಭದ್ರಾವತಿ ಅಂಕಲ್' ಅನ್ನುತ್ತಿದ್ದರು. ಆ ಮಕ್ಕಳು ಬೆಳೆದು ಹೋಗಿ, ಅವರ ಜಾಗಕ್ಕೆ ಬಂದ ಹೊಸ ಮಕ್ಕಳು 'ಭದ್ರಾವತಿ ಅಜ್ಜ' ಅಂದರು. ಅಂಕಲ್ ಆಗಿದ್ದವರು ಅಜ್ಜ ಆಗುವವರೆಗೂ ಅವರು ನನ್ನ ಚಾಪೆಯ ಮೇಲೆ ಕೂತಿದ್ದರು. ಹೋದ ವರ್ಷ ತೀರಿಕೊಂಡರು.

ಅವರು ಮೊದಲ ಸಲ ಬಂದಾಗ ನಾನು ಮೂವತ್ತರ ಆಸುಪಾಸಿನವಳು. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು, ಈಗಲೂ ಬಹಳ ದೂರವೇನೂ ಹೋಗಿಲ್ಲ. ಸಂಜೆ ನಾಲ್ಕರ ಪಾಠ ಶುರುವಾಗುವ ಹೊತ್ತು. ಹಣೆಯ ಮೇಲೆ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಬಟ್ಟೆಯ ಚೀಲ ಹಿಡಿದ ಗಟ್ಟಿಮುಟ್ಟಾದ ಮನುಷ್ಯರೊಬ್ಬರು ಚಪ್ಪಲಿ ಬಿಟ್ಟು ಬಾಗಿಲಲ್ಲಿ ನಿಂತರು. ಮೊಮ್ಮಗುವನ್ನು ಸೇರಿಸಲು ಬಂದಿರಬೇಕು ಅಂದುಕೊಂಡೆ.

"ಯಾವ ಮಗುನ ಸೇರಿಸ್ಬೇಕಿತ್ತು?"

"ಮಗು ಇಲ್ಲ ಟೀಚರಮ್ಮ. ನಾನೇ ಸೇರ್ಬೇಕು ಅಂತ ಬಂದಿದೀನಿ."

"ನೀವಾ?"

"ಐವತ್ತಾಯ್ತು. ನಿಮ್ಮಲ್ಲಿ ವಯಸ್ಸಿನ ಲಿಮಿಟ್ ಏನಾದ್ರೂ ಇದ್ರೆ ಹೇಳ್ಬಿಡಿ, ಹೀಗೇ ಭದ್ರಾವತಿ ಬಸ್ ಹತ್ತುತೀನಿ."

"ಮಕ್ಕಳ ಜೊತೆ ಚಾಪೆ ಮೇಲೆ ಕೂರ್ಬೇಕಾಗತ್ತೆ."

"ಕೂರ್ತೀನಿ. ಎದ್ದೇಳೋವಾಗ ಒಂಚೂರು ಟೈಮ್ ಕೊಡಿ, ಅಷ್ಟೇ."

ಈ ವಯಸ್ಸಿನಲ್ಲಿ ಕಲಿತು ಏನು ಮಾಡುತ್ತೀರಿ ಅಂತ ಕೇಳಿಯೇಬಿಟ್ಟೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಉತ್ತರವನ್ನು ಮೊದಲೇ ಯೋಚಿಸಿಕೊಂಡು ಬಂದಿದ್ದರು ಅನಿಸುತ್ತದೆ.

"ಒಂದು ರಾಗ ಟೀಚರಮ್ಮ. ಒಂದೇ ಒಂದು. ಪಿಟೀಲು, ಮೃದಂಗ ಪಕ್ಕದಲ್ಲಿಟ್ಕೊಂಡು, ಆಲಾಪನೆಯಿಂದ ಹಿಡಿದು ಪೂರ್ತಿ ಹಾಡ್ಬೇಕು. ನಮ್ಮ ಕ್ವಾರ್ಟರ್ಸ್ ಜನದ ಮುಂದೆ. ಅದೊಂದಾದ್ಮೇಲೆ ಕಣ್ಣು ಮುಚ್ಚಿದ್ರೂ ಚಿಂತೆ ಇಲ್ಲ."

"ಬಿಡ್ತು ಅನ್ನಿ. ಮೊದಲನೇ ದಿನವೇ ಎಂಥ ಮಾತು!"

"ಬಿಡ್ತು" ಅಂದು ನಕ್ಕು, ಮಕ್ಕಳ ನಡುವೆ ಜಾಗ ಮಾಡಿಕೊಂಡು ಕೂತರು.

ಶ್ರುತಿ ಪೆಟ್ಟಿಗೆಯನ್ನು ಒಂದು ಮನೆಗೆ ಇಟ್ಟೆ. ಹಾರ್ಮೋನಿಯಂನ ಒಂದೊಂದು ಕೀಲಿಯನ್ನೂ ನಾವು ಮನೆ ಅನ್ನುತ್ತೇವೆ. ಒಂದು, ಒಂದೂವರೆ, ಎರಡು, ಹೀಗೆ. ಗಂಡಸರ ಕಂಠಕ್ಕೆ ಒಂದು ಮನೆ ಸಾಮಾನ್ಯವಾಗಿ ಒಗ್ಗುತ್ತದೆ. "ಸಾ ಅನ್ನಿ" ಅಂದೆ. ಅಂದರು. ಕಿಟಕಿಯ ಗಾಜು ನಡುಗಿತು, ಮಕ್ಕಳು ಕಿಸಕ್ಕನೆ ನಕ್ಕವು. ದನಿ ಗಟ್ಟಿ. ಆದರೆ ಒಂದು ಮನೆಗಿಂತ ಸ್ವಲ್ಪ ಮೇಲಿದೆ. ಸರಿ ಅಂತ ಪೆಟ್ಟಿಗೆಯನ್ನು ಒಂದೂವರೆಗೆ ಏರಿಸಿದೆ. ಈಗ ಅವರ 'ಸಾ' ಸ್ವಲ್ಪ ಕೆಳಗೆ. ಮತ್ತೆ ಒಂದಕ್ಕೆ ಇಳಿಸಿದರೆ ಮತ್ತೆ ಮೇಲೆ. ಅಪಸ್ವರ ಹಾಡುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅವರ ಸ್ವರ ಒಂದೊಂದು ಸಲ ಒಂದೊಂದು ಕಡೆ ಓಡುತ್ತದೆ. ಇವರದು ಪ್ರತಿ ಸಲವೂ ಅದೇ ತಪ್ಪು ಜಾಗಕ್ಕೆ ಬಂದು ಗೂಟ ಹೊಡೆದ ಹಾಗೆ ನಿಲ್ಲುತ್ತಿತ್ತು. ಬೈದೆ, ಗದರಿದೆ, ಕಿವಿ ಮುಚ್ಚಿ ಹಾಡಿ ಅಂದೆ, ಕಿವಿ ತೆರೆದು ಹಾಡಿ ಅಂದೆ. ತಿಂಗಳುಗಟ್ಟಲೆ ಇದೇ ಪಾಡು. ಅವರು ಮಾತ್ರ ಪ್ರತಿ ಸಲ "ಇನ್ನೊಂದ್ಸಲ ನೋಡ್ತೀನಿ" ಅಂದು ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತಿದ್ದರು.

ಗುಟ್ಟು ಗೊತ್ತಾದದ್ದು ಭದ್ರಾವತಿಯ ಬಳೆ ಅಂಗಡಿಯಲ್ಲಿ. ಸೋದರತ್ತೆಯ ಮಗಳ ಸೀಮಂತಕ್ಕೆ ಹೋದವಳು ಬಜಾರಿನಲ್ಲಿ ಬಳೆ ಏರಿಸಿಕೊಳ್ಳುತ್ತಾ ಕೂತಿದ್ದೆ. ಮಧ್ಯಾಹ್ನ ಎರಡು ಗಂಟೆಯಾಯಿತು, ಕಾರ್ಖಾನೆಯ ಸೈರನ್ ಕೂಗಿತು. ಹಬೆಯ ಸೈರನ್, ಏರಿಳಿತವಿಲ್ಲದ ಒಂದೇ ಉದ್ದ ಸ್ವರ. ಒಂದು ಮನೆಗಿಂತ ಸ್ವಲ್ಪ ಮೇಲೆ, ಒಂದೂವರೆಗಿಂತ ಸ್ವಲ್ಪ ಕೆಳಗೆ.

"ಅಯ್ಯೋ, ಇದು ನಮ್ಮ ಭದ್ರಾವತಿ ಅಂಕಲ್ಲು!" ಅಂತ ಕೂಗಿಬಿಟ್ಟೆ.

ಬಳೆಗಾರ್ತಿ ನನ್ನ ಕೈ ಹಿಡಿದುಕೊಂಡೇ ಮುಖ ನೋಡಿದಳು. "ಅಲ್ಲಮ್ಮ, ಅದು ಸೈರನ್ನು. ಫಸ್ಟ್ ಶಿಫ್ಟ್ ಬಿಡ್ತು."

ನನಗೆ ನಗು ತಡೆಯಲಾಗಲಿಲ್ಲ. ಎರಡು ಬಳೆ ಒಡೆದವು.

ಮಾರನೆಯ ದಿನ ಅವರನ್ನು ಹಿಡಿದು ಕೇಳಿದೆ. ಅವರಿಗೇ ಆಶ್ಚರ್ಯವಾಯಿತು. ಆಮೇಲೆ ನಿಧಾನಕ್ಕೆ ಹೇಳಿದರು. ಇಪ್ಪತ್ತನೇ ವಯಸ್ಸಿಗೆ ಕಾರ್ಖಾನೆ ಸೇರಿದವರು, ಕ್ರೇನ್ ಆಪರೇಟರ್. ಕೆಳಗೆ ಕುಲುಮೆ, ಮೇಲೆ ಸೂರಿನ ಹತ್ತಿರ ಒಬ್ಬರೇ ಕೂರುವ ಗೂಡಿನಂಥ ಕ್ಯಾಬಿನ್ನು. ಮಾತಾಡಲು ಯಾರೂ ಇಲ್ಲ, ಮಾತಾಡಿದರೂ ಕೇಳಿಸುವುದಿಲ್ಲ. ಹಾಡುತ್ತಿದ್ದರು. ಕ್ವಾರ್ಟರ್ಸ್‌ನಲ್ಲಿ ಪಕ್ಕದ ಮನೆಯ ತಮಿಳಿನವರೊಬ್ಬರು ಹಿಂದೆ ಅವರ ಊರಿನಲ್ಲಿ ನಾಗಸ್ವರ ನುಡಿಸುತ್ತಿದ್ದವರಂತೆ. ಅವರು, ಮೊದಲು ಷಡ್ಜ ನಿಲ್ಲಬೇಕು ತಂಬಿ, ಅದು ನಿಲ್ಲೋವರೆಗೂ ಬೇರೆ ಏನೂ ಮುಟ್ಟಬೇಡ ಅಂದರಂತೆ.

"ಶ್ರುತಿ ಪೆಟ್ಟಿಗೆ ಇರ್ಲಿಲ್ಲ ಟೀಚರಮ್ಮ. ಆದ್ರೆ ಪ್ರತಿ ಶಿಫ್ಟಿಗೂ ಕಾರ್ಖಾನೆಯೋರೇ ಶ್ರುತಿ ಕೊಡ್ತಿದ್ರಲ್ಲ, ಪುಕ್ಕಟೆ! ಅದು ಕೂಗಿದಾಗೆಲ್ಲ ನಾನೂ ಸಾ ಅಂತಿದ್ದೆ. ಅದು ನಿಂತ ಮೇಲೂ ಹಿಡ್ಕೊಂಡಿರ್ತಿದ್ದೆ, ಉಸಿರು ಇರೋವರೆಗೂ."

"ಅಲ್ರೀ, ಇಷ್ಟು ವರ್ಷ ಯಾಕೆ ಯಾರ ಹತ್ರಾನೂ ಹೋಗ್ಲಿಲ್ಲ?"

"ತಂಗಿಯರ ಮದುವೆ, ಅಪ್ಪನ ಕಾಯಿಲೆ, ಮಗಳ ಓದು. ಆಗ್ಲಿಲ್ಲ. ಅದಕ್ಕೇ ಷಡ್ಜ ಒಂದನ್ನ ಮಾಡಿ ಇಟ್ಕೊಂಡಿದ್ದೆ. ಉಳಿದ ಆರು ಸ್ವರ ನಿಮ್ಮ ಹತ್ರ ಕಲಿಯೋಣ ಅಂತ."

ನಾನು ಆ ದಿನ ಅವರಿಗೆ ಬೈಯಲಿಲ್ಲ. ಮಾರನೆಯ ದಿನದಿಂದ ಮತ್ತೆ ಶುರು ಮಾಡಿದೆ. ನಾವು ಶ್ರುತಿಯ ಹತ್ತಿರ ಹೋಗಬೇಕೇ ಹೊರತು ಶ್ರುತಿ ನಮ್ಮ ಹತ್ತಿರ ಬರಬಾರದು ಅಂತ ನನ್ನ ಗುರುಗಳು ಹೇಳಿಕೊಟ್ಟಿದ್ದರು, ನಾನೂ ಅದನ್ನೇ ಹಿಡಿದಿದ್ದೆ.

ದೊಡ್ಡ ಪ್ರತಿಭೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಕಲಿಯುವುದು ನಿಧಾನ. ಪಕ್ಕದಲ್ಲಿ ಕೂತ ಮೂರನೇ ಕ್ಲಾಸಿನ ಹುಡುಗಿ ಒಂದು ವಾರದಲ್ಲಿ ಕಲಿತದ್ದಕ್ಕೆ ಇವರಿಗೆ ಒಂದು ಮಳೆಗಾಲ ಬೇಕಿತ್ತು. ಕ್ರೇನಿನ ಸದ್ದಿನಲ್ಲಿ ಎಡಗಿವಿ ಮಂದವಾಗಿತ್ತು, ಹಾಗಾಗಿ ಯಾವಾಗಲೂ ನನ್ನ ಕಡೆಗೆ ಬಲಗಿವಿ ತಿರುಗಿಸಿ ಓರೆಯಾಗಿ ಕೂರುತ್ತಿದ್ದರು. ಹಾಡುವಾಗ ಎಡಗೈ ಗಾಳಿಯಲ್ಲಿ ಕಾಣದ ಲಿವರ್ ಒಂದನ್ನು ಹಿಡಿದು ಮೆಲ್ಲಗೆ ಹಿಂದಕ್ಕೆ ಎಳೆಯುತ್ತಿತ್ತು. ಕ್ರೇನ್ ಕೈ ಅದು. ಮೇಲಿನ ಸ್ವರಗಳಿಗೆ ಹೋಗುವಾಗ ಅವರಿಗೆ ಭಯವಿರಲಿಲ್ಲ. ಇಳಿಯುವಾಗ ಮಾತ್ರ ವಿಪರೀತ ಎಚ್ಚರ, ಒಂದೊಂದು ಸ್ವರವನ್ನೂ ನೆಲ ನೋಡಿ ಇಡುತ್ತಿದ್ದರು. ಬೇಗ ಬನ್ನಿ ಅಂದರೆ ತಲೆ ಆಡಿಸುತ್ತಿದ್ದರು.

"ಎತ್ತೋದು ಯಾರಾದ್ರೂ ಎತ್ತುತಾರೆ ಟೀಚರಮ್ಮ. ಇಳಿಸೋದೇ ಕಷ್ಟ. ಕೆಳಗೆ ಜನ ಇರ್ತಾರೆ."

ಇವತ್ತು ನಾನು ಮಕ್ಕಳಿಗೆ ಅವರೋಹಣ ಹೇಳಿಕೊಡುವಾಗ ನನ್ನ ಎಡಗೈಯೂ ಹಾಗೆ ಹಿಂದಕ್ಕೆ ಹೋಗುತ್ತದಂತೆ. ಮಕ್ಕಳು ಹೇಳಿದ ಮೇಲೆ ಗೊತ್ತಾಯಿತು.

ಎರಡನೇ ವರ್ಷವೋ ಮೂರನೇ ವರ್ಷವೋ, ಪಾಠದ ಹೊತ್ತಿನಲ್ಲಿ ಒಬ್ಬ ಹೆಂಗಸು ಬಂದರು. ಅವತ್ತು ಅಂಕಲ್ ಪಾಠಕ್ಕೆ ಬಂದಿರಲಿಲ್ಲ. ಬಂದಾಕೆ ಅವರ ಹೆಂಡತಿ. ಕೂರಿ ಅಂದರೂ ಕೂರಲಿಲ್ಲ.

"ಟೀಚರಮ್ಮ, ನೀವಾದ್ರೂ ಒಂದು ಮಾತು ಹೇಳಿ. ಫೋರ್‌ಮನ್ ಮಾಡ್ತೀವಿ ಅಂತ ಕರೆದ್ರೆ ಬೇಡ ಅಂದು ಬಂದಿದಾರೆ. ಯಾಕಂತೆ? ಜನರಲ್ ಶಿಫ್ಟ್ ಆಗತ್ತಂತೆ, ಸಂಜೆ ಬಿಡೋದು ಲೇಟಾಗತ್ತಂತೆ, ನಿಮ್ಮ ಕ್ಲಾಸ್ ತಪ್ಪೋಗತ್ತಂತೆ! ಊರಲ್ಲಿರೋ ಗಂಡಸ್ರೆಲ್ಲ ಪ್ರಮೋಷನ್ ಬರ್ಲಿ ಅಂತ ಹರಕೆ ಹೊತ್ಕೋತಾರೆ. ನಮ್ಮನೇರೊಬ್ರು ಮನೆ ಬಾಗಿಲಿಗೆ ಬಂದಿದ್ದನ್ನ ವಾಪಸ್ ಕಳಿಸಿದಾರೆ."

"ನನಗೆ ಗೊತ್ತಿರ್ಲಿಲ್ಲ ಕಣ್ರೀ."

"ಫೋರ್‌ಮನ್ ಕ್ವಾರ್ಟರ್ಸ್‌ಗೆ ಕಾಂಪೌಂಡ್ ಇರತ್ತೆ. ಎರಡು ಮಲ್ಲಿಗೆ ಬಳ್ಳಿ ಹಬ್ಬಿಸ್ಬೇಕು ಅಂತ ಮದುವೆ ಆದಾಗಿಂದ ಆಸೆ ನಂಗೆ. ಜಾಸ್ತಿ ಏನೂ ಕೇಳಿದೋಳಲ್ಲ." ಕಣ್ಣು ಒರೆಸಿಕೊಂಡು ಹೋದರು.

ಮರುದಿನ ಪಾಠಕ್ಕೆ ಬಂದ ಅವರಿಗೆ ಚೆನ್ನಾಗಿ ದಬಾಯಿಸಿದೆ. ಸಂಗೀತ ಎಲ್ಲಿಗೂ ಓಡಿಹೋಗುವುದಿಲ್ಲ, ರಿಟೈರ್ ಆದ ಮೇಲೆ ಬನ್ನಿ, ಈಗ ಹೋಗಿ ಪ್ರಮೋಷನ್ ತಗೊಳ್ಳಿ ಅಂದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು.

"ಫೋರ್‌ಮನ್ ಆದ್ರೆ ರಿಟೈರ್ ಆಗೋ ದಿನ ಹಾರ ಸ್ವಲ್ಪ ದಪ್ಪ ಹಾಕ್ತಾರೆ. ನಿಜ. ಆದ್ರೆ ಅಷ್ಟೊತ್ತಿಗೆ ದನಿ ಇರತ್ತಾ ಟೀಚರಮ್ಮ? ಕುಲುಮೆ ಹೊಗೆ ಕುಡಿದ ಗಂಟಲು ಇದು. ಈಗ್ಲೇ ಬೆಳಿಗ್ಗೆ ಎದ್ರೆ ಕಫ. ಅವಳಿಗೆ ಸಿಟ್ಟು ಬಂದಿದೆ, ಬರ್ಬೇಕಾದ್ದೇ. ನನ್ನ ಆಸೆಗೆ ಅವಳ ಆಸೆ ಕುಯ್ದೆ."

ಅಷ್ಟು ಹೇಳಿ ಜಂಟಿವರಸೆ ಶುರು ಮಾಡಿದರು. ಕಾಂಪೌಂಡಿಲ್ಲದ ಆ ಸಣ್ಣ ಕ್ವಾರ್ಟರ್ಸ್‌ನ ಮುಂದೆ ಹಳೆಯ ಬಣ್ಣದ ಡಬ್ಬಿಗಳಲ್ಲಿ ಮಣ್ಣು ತುಂಬಿ ಅವರೇ ಮಲ್ಲಿಗೆ ನೆಟ್ಟರು. ಹೂವೇನೋ ಬಿಟ್ಟಿತು. ಆಕೆಯ ಸಿಟ್ಟು ಪೂರ್ತಿ ಇಳಿದದ್ದನ್ನು ನಾನು ನೋಡಲಿಲ್ಲ.

ಆದರೆ ಒಂದನ್ನು ನೋಡಿದ್ದೇನೆ. ಒಮ್ಮೆ ಅವರ ಮಗಳ ಮದುವೆಗೆ ಕರೆಯಲು ಬಂದವರು, ಮದುವೆಗೆ ಮೊದಲು ಒಂದು ದಿನ ಮನೆಗೂ ಊಟಕ್ಕೆ ಬರಬೇಕು ಅಂದಿದ್ದರು. ಹೋಗಿ ಅಡುಗೆಮನೆಯಲ್ಲಿ ಆಕೆಯ ಜೊತೆ ಮಾತಾಡುತ್ತಾ ಕೂತಿದ್ದೆ. ಎರಡರ ಸೈರನ್ ಕೂಗಿತು. ಆಕೆ ಮಾತು ಅರ್ಧಕ್ಕೆ ಬಿಟ್ಟು ಎದ್ದು ಒಲೆಯ ಮೇಲೆ ಹಂಚಿಟ್ಟರು. ಪಕ್ಕದ ಮನೆಯಲ್ಲೂ ಹಂಚಿನ ಸದ್ದು, ಅದರಾಚೆಯ ಮನೆಯಲ್ಲೂ. ಇಡೀ ಸಾಲಿನಲ್ಲಿ ಅದೇ ಪದ್ಧತಿ. ಗಂಡಸರು ಗೇಟು ದಾಟಿ, ಸೈಕಲ್ ತುಳಿದು, ಕೈಕಾಲು ತೊಳೆಯುವ ಹೊತ್ತಿಗೆ ಮೊದಲ ಅಕ್ಕಿರೊಟ್ಟಿ ಹಂಚಿನಿಂದ ಇಳಿದಿರಬೇಕು. ಪ್ರಮೋಷನ್ನಿನ ಸಿಟ್ಟಿದ್ದ ದಿನಗಳಲ್ಲೂ ಆಕೆ ಹಂಚಿಡುವುದು ತಪ್ಪಿಸಲಿಲ್ಲ. ಮಾತು ಬಿಟ್ಟಿದ್ದರಂತೆ, ರೊಟ್ಟಿ ಬಿಟ್ಟಿರಲಿಲ್ಲ. ಅದನ್ನು ತಿಂದೇ ಅವರು ಶಿವಮೊಗ್ಗದ ಬಸ್ ಹತ್ತುತ್ತಿದ್ದುದು.

ಜೂನಿಯರ್ ಪರೀಕ್ಷೆಯ ಕಥೆ ಹೇಳಬೇಕು. ಪರೀಕ್ಷೆಗೆ ನಮ್ಮ ಮಕ್ಕಳ ಜೊತೆ ಇವರೂ ಹೋದರು. ಎಲ್ಲರ ನೀರಿನ ಬಾಟಲಿ ಇವರ ಚೀಲದಲ್ಲಿ, ಹೆದರಿ ಅಳುವ ಹುಡುಗಿಯೊಬ್ಬಳು ಇವರ ಮಡಿಲಲ್ಲಿ. ಬಾಗಿಲಲ್ಲಿದ್ದವನು "ಅಜ್ಜಾರೇ, ಪೋಷಕರು ಹೊರಗಿರ್ಬೇಕು" ಅಂದನಂತೆ. "ನಾನು ಪೋಷಕ ಅಲ್ಲಪ್ಪ, ಅಭ್ಯರ್ಥಿ" ಅಂದು ಹಾಲ್ ಟಿಕೆಟ್ ತೋರಿಸಿದರಂತೆ. ಒಳಗೆ ಶ್ರುತಿಗೆ ಹಾರ್ಮೋನಿಯಂ ಇತ್ತು. ಒಂದು ಮನೆಯಲ್ಲಿ ಚೆನ್ನಾಗಿಯೇ ಶುರು ಮಾಡಿದರು. ಗೀತೆಯ ಅರ್ಧಕ್ಕೆ ಬರುವಾಗ ಸ್ವರ ತಾನಾಗಿ ಮೇಲೆ ಸರಿದು ತನ್ನ ಹಳೇ ಗೂಟಕ್ಕೆ ಹೋಗಿ ನಿಂತಿತು. ಫೇಲು. ಮುಂದಿನ ವರ್ಷವೂ ಅದೇ ಜಾಗದಲ್ಲಿ, ಅದೇ ರೀತಿ ಫೇಲು. ನಾನು ಮುಖ ಗಂಟಿಕ್ಕಿಕೊಂಡಿದ್ದೆ. ಅವರು ಮಕ್ಕಳನ್ನೆಲ್ಲ ಹೋಟೆಲಿಗೆ ಕರೆದುಕೊಂಡು ಹೋಗಿ ಮಸಾಲೆದೋಸೆ ಕೊಡಿಸಿದರು. ಪಾಸಾದ ಮಕ್ಕಳಿಗೆ ಇವರು ಅಭಿನಂದನೆ ಹೇಳುವುದು, ಆ ಮಕ್ಕಳು ಇವರಿಗೆ "ಮುಂದಿನ ಸಲ ಆಗತ್ತೆ ಅಂಕಲ್" ಅನ್ನುವುದು! ಮೂರನೇ ಸಲ ಬಂದ ಪರೀಕ್ಷಕರು ಪುಣ್ಯಾತ್ಮರು. ಶ್ರುತಿ ಪೆಟ್ಟಿಗೆ ಇಟ್ಟುಕೊಂಡಿದ್ದರು. ಇವರ ಕಷ್ಟ ನೋಡಿ ಅದರ ತಿರುಗಣೆಯನ್ನು ಸ್ವಲ್ಪ ತಿರುಗಿಸಿ ಇವರ ಸ್ವರಕ್ಕೇ ತಂದರು. ಪಾಸಾದರು. ಅವತ್ತು ಕಾರ್ಖಾನೆಯಲ್ಲಿ ಪೇಡ ಹಂಚಿದರಂತೆ. ಮಗಳು ಪಾಸಾದಳಾ, ಯಾವ ಕೋರ್ಸು ಅಂತ ಎಲ್ಲರೂ ಕೇಳಿದರಂತೆ.

ನಮ್ಮ ಪಾಠಶಾಲೆಯ ವಾರ್ಷಿಕೋತ್ಸವದಲ್ಲಿ ಅವರಿಗೂ ಒಂದು ಹಾಡಿಗೆ ಅವಕಾಶ ಕೊಟ್ಟಿದ್ದೆ. ಪಕ್ಕವಾದ್ಯಕ್ಕೆ ಬಂದವರು ಪಿಟೀಲು ಮೇಷ್ಟ್ರು, ಶಿವಮೊಗ್ಗದಲ್ಲಿ ಅವರ ಕೋಪಕ್ಕೆ ಹೆದರದವರಿಲ್ಲ. ಒಂದು ಮನೆಗೆ ತಂತಿ ಕೂಡಿಸಿ ಕೂತಿದ್ದರು. ಹಾಡಿನ ನಡುವೆ ಸ್ವರ ಮೇಲೆ ಸರಿಯಿತು. ಮೇಷ್ಟ್ರು ಕಮಾನು ಕೆಳಗಿಟ್ಟು, "ಏನ್ ಮಾರಾಯ್ತಿ, ಇದೇನು ಕಚೇರಿನೋ ಕಾರ್ಖಾನೆನೋ?" ಅಂತ ಮೈಕಿನ ಮುಂದೆಯೇ ನನ್ನನ್ನು ಕೇಳಿ ಎದ್ದು ಹೋದರು. ಸಭೆ ಘೊಳ್ಳೆಂದು ನಕ್ಕಿತು. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಇವರು ಮಾತ್ರ ಕಣ್ಣು ಮುಚ್ಚಿ ಪಲ್ಲವಿಗೆ ಬಂದು ಹಾಡು ಮುಗಿಸಿದರು, ಕೈ ಮುಗಿದರು, ಇಳಿದರು. ಮಾರನೆಯ ದಿನ ನಾಲ್ಕು ಗಂಟೆಗೆ ಚಾಪೆಯ ಮೇಲಿದ್ದರು.

"ನಿಮಗೆ ಅವಮಾನ ಆಗ್ಲಿಲ್ವಾ?" ಅಂದೆ.

"ಆಯ್ತು. ಮನೆಗೆ ಹೋಗಿ ಊಟ ಮಾಡ್ಲಿಲ್ಲ. ಆದ್ರೆ ಇವತ್ತು ಪಾಠ ಇದೆಯಲ್ಲ."

ಅದೇ ದಿನವೋ ಏನೋ, ಹೋಗುವ ಮುಂಚೆ ಬಾಗಿಲಲ್ಲಿ ನಿಂತು ಒಂದು ಪ್ರಶ್ನೆ ಕೇಳಿದರು. "ಟೀಚರಮ್ಮ, ನೀವು ಪಾಠಕ್ಕೆ ಯಾರ ಹತ್ರ ಹೋಗ್ತೀರಿ?"

ವ್ಯಂಗ್ಯವೇನೂ ಇರಲಿಲ್ಲ. ಎಲ್ಲರೂ ಯಾರ ಹತ್ತಿರವೋ ಹೋಗುತ್ತಿರುತ್ತಾರೆ ಅಂತಲೇ ಅವರು ತಿಳಿದಿದ್ದರು. ನನ್ನ ಗುರುಗಳು ಹೋಗಿ ಬಹಳ ವರ್ಷವಾಗಿತ್ತು. ವಿದ್ವತ್ ಮುಗಿಸಿದ್ದೆ, ಗೋಡೆಯ ಮೇಲೆ ಸರ್ಟಿಫಿಕೇಟು ತೂಗುತ್ತಿತ್ತು, ಶಿಷ್ಯರಿದ್ದರು. ಮತ್ತೊಬ್ಬರ ಮುಂದೆ ಚಾಪೆಯ ಮೇಲೆ ಕೂರುವ ಯೋಚನೆಯೇ ನನಗೆ ಬಂದಿರಲಿಲ್ಲ. ಆ ರಾತ್ರಿ ಅಡುಗೆ ಮಾಡುತ್ತಾ ಸಿಟ್ಟು ಬಂತು, ಪಾತ್ರೆ ಕುಕ್ಕಿದೆ. ಮುಂದಿನ ವಾರ ಗಾಜನೂರಿನಲ್ಲಿದ್ದ ವಯಸ್ಸಾದ ವಿದುಷಿಯೊಬ್ಬರನ್ನು ಹುಡುಕಿಕೊಂಡು ಹೋದೆ. ಭಾನುವಾರದ ಬಸ್ಸಿನಲ್ಲಿ ಈಗಲೂ ಹೋಗುತ್ತೇನೆ. ಅವರು ನನಗೆ ಬೈಯುತ್ತಾರೆ, ನಾನು ತಲೆ ತಗ್ಗಿಸಿ ಇನ್ನೊಂದು ಸಲ ಹಾಡುತ್ತೇನೆ.

ಭದ್ರಾವತಿ ಅಂಕಲ್ ರಿಟೈರ್ ಆದರು. ಹಾರ ತೆಳ್ಳಗೇ ಇತ್ತಂತೆ. ಕ್ವಾರ್ಟರ್ಸ್ ಪಕ್ಕದಲ್ಲೇ ಒಂದು ಚಿಕ್ಕ ಮನೆ ಕಟ್ಟಿಕೊಂಡು ಹೋದರು. ಆ ಮನೆಗೆ ಕಾಂಪೌಂಡಿತ್ತು, ಮಲ್ಲಿಗೆ ಡಬ್ಬಿಯಿಂದ ನೆಲಕ್ಕೆ ಇಳಿಯಿತು. ಆಗಲೂ ಎರಡರ ಸೈರನ್ನಿಗೆ ಹಂಚು ಏರುತ್ತಿತ್ತು, ಅವರೂ ಕೈಕಾಲು ತೊಳೆದು ಬಂದು ಕೂರುತ್ತಿದ್ದರು. ಸೀನಿಯರ್ ಪರೀಕ್ಷೆಗೆ ಕೂತರು, ಎರಡು ಸಲ ಫೇಲಾಗಿ ಪಾಸಾದರು. ಕಲ್ಯಾಣಿ ರಾಗವನ್ನು ಆರಿಸಿಕೊಂಡರು. ಒಂದು ರಾಗ ಅಂತ ಮೊದಲ ದಿನ ಹೇಳಿದ್ದರಲ್ಲ, ಅದಕ್ಕೆ.

ಆ ಹೊತ್ತಿಗೆ ಕಾರ್ಖಾನೆ ಸೊರಗಿತ್ತು. ಶಿಫ್ಟುಗಳು ಕಮ್ಮಿಯಾದವು. ಒಂದು ದಿನ ಮಧ್ಯಾಹ್ನ ನನಗೆ ಅವರ ಫೋನು. ಅವರು ಫೋನು ಮಾಡುವವರಲ್ಲ.

"ಟೀಚರಮ್ಮ, ಇವತ್ತು ಕೂಗ್ಲಿಲ್ಲ."

"ಏನು ಕೂಗ್ಲಿಲ್ಲ?"

"ಎರಡು ಗಂಟೆದು. ಕಾಯ್ತಾ ಕೂತಿದ್ವಿ. ಇವಳು ಹಂಚು ಕೈಯಲ್ಲಿ ಹಿಡ್ಕೊಂಡು ನಿಂತಿದ್ಲು. ಇನ್ಮೇಲೆ ಕೂಗಲ್ವಂತೆ."

ಇನ್ನು ಮೇಲಾದರೂ ಒಂದು ಮನೆಗೆ ಬರಬಹುದಲ್ಲ ಅಂತ ತಮಾಷೆ ಮಾಡಿದೆ. ಅವರು ನಗಲಿಲ್ಲ.

ಮಾರನೆಯ ದಿನ ಹೊಸ ಶ್ರುತಿ ಪೆಟ್ಟಿಗೆ ಕೊಂಡು ತಂದಿದ್ದರು. ನನ್ನ ಮುಂದೆ ಇಟ್ಟು, ಕಣ್ಣು ಮುಚ್ಚಿ 'ಸಾ' ಹಿಡಿದರು. "ಮರೆಯೋಕ್ಮುಂಚೆ ಇದಕ್ಕೆ ಕೂಡಿಸ್ಕೊಡಿ ಟೀಚರಮ್ಮ" ಅಂದರು. ನಾನು ತಿರುಗಣೆ ತಿರುಗಿಸುತ್ತಾ ಹೋದೆ. ಎರಡೂ ಒಂದಾದಾಗ ಅವರು ಕೈ ಎತ್ತಿದರು. ಚೀಲದಿಂದ ಕೆಂಪು ಬಣ್ಣದ ಸಣ್ಣ ಡಬ್ಬಿ ತೆಗೆದು, ಬೆಂಕಿಕಡ್ಡಿಯ ತುದಿಯಿಂದ ತಿರುಗಣೆಯ ಮೇಲೆ ಒಂದು ಚುಕ್ಕೆ, ಅದರ ಎದುರಿಗೆ ಪೆಟ್ಟಿಗೆಯ ಮೇಲೆ ಒಂದು ಚುಕ್ಕೆ ಇಟ್ಟರು. ಕಾರ್ಖಾನೆಯಲ್ಲಿ ಲಿವರ್‌ಗಳಿಗೆ ಹಾಗೆ ಗುರುತು ಮಾಡುತ್ತಿದ್ದರಂತೆ. ಆವತ್ತಿನಿಂದ ಒಂದು ಮನೆಗೆ ಬನ್ನಿ ಅಂತ ನಾನು ಅವರಿಗೆ ಹೇಳಲಿಲ್ಲ.

ಕಲ್ಯಾಣಿ ಹದಕ್ಕೆ ಬರಲು ಇನ್ನೂ ಕೆಲವು ವರ್ಷ ಹಿಡಿಯಿತು. ಆಲಾಪನೆ ದೀರ್ಘವೇನಲ್ಲ. ಕೆಲವು ಕಡೆ ದನಿ ಬಿರಿಯುತ್ತಿತ್ತು, ಕೆಮ್ಮು ಬರುತ್ತಿತ್ತು. ಆದರೆ ಅವರೋಹಣದಲ್ಲಿ ಮೇಲಿನ ಷಡ್ಜದಿಂದ ಕೆಳಗಿನದಕ್ಕೆ ಅವರು ಇಳಿದು ಬರುತ್ತಿದ್ದಾಗ ನಾನು ಉಸಿರು ಬಿಗಿ ಹಿಡಿದು ಕೇಳಿದ್ದೇನೆ. ಹೋದ ವರ್ಷ ಒಂದು ಸಂಜೆ ನಾನೇ ಹೇಳಿದೆ, "ಇನ್ನು ಹಾಡ್ಬಹುದು. ದಿನ ನೋಡಿ."

ಆ ಮುಖವನ್ನು ನಾನು ಮರೆಯುವುದಿಲ್ಲ. ಎದ್ದು ನನ್ನ ಕಾಲು ಮುಟ್ಟಲು ಬಂದರು, ಎಪ್ಪತ್ತು ದಾಟಿದ ಮನುಷ್ಯ. ನಾನು ಹಿಂದೆ ಸರಿದು, ಬಿಡಿ ಬಿಡಿ, ಪಾಪ ಕಟ್ಟಿಸಬೇಡಿ ಅಂದೆ.

ಪಿಟೀಲಿಗೆ ಆ ಮೇಷ್ಟ್ರೇ ಬೇಕು ಅಂತ ಹಟ ಹಿಡಿದರು. ಇಬ್ಬರೂ ಮೇಷ್ಟ್ರ ಮನೆಗೆ ಹೋದೆವು. ಅವರಿಗೂ ಈಗ ಕೋಲು ಬೇಕು, ಕೋಪಕ್ಕೆ ಮಾತ್ರ ಏನೂ ಆಗಿರಲಿಲ್ಲ.

"ನಿಮ್ಮ ಕೂಗಿಗೆ ನನ್ನ ತಂತಿ ತಿರುಗಿಸ್ಬೇಕಾ?"

ಇವರು ಪೆಟ್ಟಿಗೆ ಹಚ್ಚಿ 'ಸಾ' ಹಿಡಿದರು. ಮೇಷ್ಟ್ರು ಬಹಳ ಹೊತ್ತು ಕೇಳಿದರು. ಆಮೇಲೆ ಪಿಟೀಲು ತರಿಸಿ ಬಿರಟೆ ತಿರುಗಿಸತೊಡಗಿದರು. "ಜಾಗ ತಪ್ಪು. ಆದ್ರೆ ನಿಂತಿದೆ ಮಾರಾಯ. ಕದಲೋದಿಲ್ಲ" ಅಂದರು.

ಮನೆಯ ಮುಂದೆಯೇ ಶಾಮಿಯಾನ, ಒಂದು ಭಾನುವಾರ, ಮಧ್ಯಾಹ್ನ ಎರಡು ಗಂಟೆಗೆ. "ಉಂಡು ಮಲಗೋ ಹೊತ್ತು ರೀ ಅದು, ಯಾರು ಕಚೇರಿ ಕೇಳ್ತಾರೆ?" ಅಂದೆ. "ನಮ್ಮೋರಿಗೆ ಅದೇ ಹೊತ್ತು" ಅಂದರು. ಹಳೇ ಕಾರ್ಮಿಕರ ಮನೆಮನೆಗೆ ತಾವೇ ಸೈಕಲ್ ಮೇಲೆ ಹೋಗಿ ಕರೆದು ಬಂದರು. ದೂರದ ಕುಂಸಿಯಲ್ಲಿ ನೆಲೆಸಿದ್ದ ಹಳೆಯ ಫೋರ್‌ಮನ್ ಒಬ್ಬರನ್ನೂ ಬಸ್ಸಿನಲ್ಲಿ ಹೋಗಿ ಕರೆದರು.

ಆ ಭಾನುವಾರಕ್ಕೆ ಇನ್ನೂ ಹತ್ತು ದಿನವಿರುವಾಗ ಬೆಳಿಗ್ಗೆ ಹಾಲು ತರಲು ಹೋದವರು ಅಂಗಡಿಯ ಮುಂದೆಯೇ ಕುಸಿದರು. ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಎಲ್ಲ ಮುಗಿಯಿತು. ಮಗಳು ಫೋನು ಮಾಡಿದಾಗ ನಾನು ಪಾಠ ಹೇಳುತ್ತಿದ್ದೆ. ಫೋನು ಇಟ್ಟು ಮಕ್ಕಳನ್ನು ಮನೆಗೆ ಕಳಿಸಿ, ಅವರು ಕೂರುತ್ತಿದ್ದ ಚಾಪೆಯ ಮೇಲೆ ಕೂತು ಜೋರಾಗಿ ಅತ್ತೆ. ಇಷ್ಟು ವರ್ಷ ಕಾದವರಿಗೆ ಹತ್ತು ದಿನ ಕೊಡಲಾರದ ದೇವರ ಮೇಲೆ ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಶಿವಗಣಾರಾಧನೆಯನ್ನು ಆ ಭಾನುವಾರವೇ ಇಟ್ಟುಕೊಂಡರು. "ಅಪ್ಪ ಎಲ್ಲರನ್ನೂ ಅವತ್ತಿಗೆ ಕರೆದಾಗಿದೆ, ಅವತ್ತೇ ಇರ್ಲಿ" ಅಂದಳಂತೆ ಮಗಳು. ಹಾಗಾಗಿ ಅವರು ಕರೆದ ಕರೆಗೇ ಜನ ಬಂದರು. ಕಚೇರಿಗೆ ಹೇಳಿದ್ದ ಶಾಮಿಯಾನವೇ, ಬಾಡಿಗೆ ಕುರ್ಚಿಗಳೇ. ಮುಂದಿನ ಸಾಲುಗಳ ತುಂಬ ಬಿಳಿಕೂದಲಿನ ಹಳೇ ಕಾರ್ಮಿಕರು. ಕನ್ನಡ, ತಮಿಳು, ತೆಲುಗು ಎಲ್ಲ ಮೆಲುದನಿಯಲ್ಲಿ ಕೇಳುತ್ತಿತ್ತು. ಪೂಜೆಯಾಗಿತ್ತು, ಮೊದಲ ಪಂಕ್ತಿಯ ಊಟವೂ ಆಗಿತ್ತು. ಪಿಟೀಲು ಮೇಷ್ಟ್ರು ಯಾರೂ ಹೇಳದೆಯೇ ಪಿಟೀಲು ತಂದಿದ್ದರು. ಫೋಟೋದ ಮುಂದೆ ಕೂತು, "ಪೆಟ್ಟಿಗೆ ಎಲ್ಲಿ?" ಅಂತ ನನ್ನನ್ನು ಕೇಳಿದರು.

ಮಗಳು ಒಳಗಿನಿಂದ ತಂದುಕೊಟ್ಟಳು. ಎರಡು ಕೆಂಪು ಚುಕ್ಕೆಗಳೂ ಎದುರುಬದುರಾಗಿ ಹಾಗೇ ಇದ್ದವು. ಸುಮಾರು ಎರಡು ಗಂಟೆ. ದನಿ ಪೂರ್ತಿ ಏರಿಸಿ ಗುಂಡಿ ಒತ್ತಿದೆ. ಮೇಷ್ಟ್ರು ಆ ಷಡ್ಜದ ಮೇಲೆ ಕಮಾನು ಇಟ್ಟು ಉದ್ದಕ್ಕೆ ಎಳೆದರು.

ಮುಂದಿನ ಸಾಲಿನವರ ಮಾತು ನಿಂತಿತು. ಒಬ್ಬರು ಎಡಗೈ ಎತ್ತಿ ಗಡಿಯಾರ ನೋಡಿಕೊಂಡರು. ಅವರ ಪಕ್ಕದವರೂ ನೋಡಿಕೊಂಡರು. ಗಡಿಯಾರ ಕಟ್ಟದವರೂ ಬರಿಯ ಮಣಿಕಟ್ಟು ನೋಡಿದರು. ಕುಂಸಿಯ ಫೋರ್‌ಮನ್ ಅರ್ಧ ಎದ್ದು ನಿಂತು, ಎದ್ದದ್ದು ಯಾಕೆಂದು ಆಮೇಲೆ ಹೊಳೆದು, ಮುಖ ಮುಚ್ಚಿಕೊಂಡು ಕೂತರು.

ಬಾಗಿಲ ಪಕ್ಕದಲ್ಲಿ ಹೆಂಗಸರ ನಡುವೆ ಕೂತಿದ್ದ ಅವರ ಹೆಂಡತಿ ಎದ್ದು ಒಳಗೆ ಹೋದರು. ನಾನೂ ಹಿಂದೆಯೇ ಹೋದೆ. ಅಡುಗೆಯೆಲ್ಲ ಹಿತ್ತಲಿನಲ್ಲಿ ಆಗಿದ್ದರಿಂದ ಅಡುಗೆಮನೆ ಖಾಲಿ ಇತ್ತು. ಆಕೆ ಒಲೆ ಹಚ್ಚಿ ಹಂಚಿಟ್ಟಿದ್ದರು. ಹಿಟ್ಟು ಕಲಸುತ್ತಿದ್ದರು.

"ಅಮ್ಮಾ..." ಅಂದೆ.

"ಬರ್ತಾರೆ ಅಂತಲ್ಲ ಟೀಚರಮ್ಮ. ಅಷ್ಟು ತಲೆ ಕೆಟ್ಟಿಲ್ಲ ನಂಗೆ." ರೊಟ್ಟಿ ತಟ್ಟುತ್ತಲೇ ಇದ್ದರು. "ಅದು ಕೂಗಿದ್ಮೇಲೆ ಕೈ ಸುಮ್ನೆ ಕೂರಲ್ಲ."

ರೊಟ್ಟಿ ಬೆಂದಿತು. ಆಕೆ ಅದನ್ನು ತಟ್ಟೆಗೆ ಹಾಕಿ, ತುಪ್ಪ ಸವರಿ, ಒಂದು ಗಳಿಗೆ ಬಾಗಿಲ ಕಡೆ ನೋಡಿ ನನ್ನ ಕೈಗೆ ಕೊಟ್ಟರು. ಹೊರಗೆ ಪಿಟೀಲು ಕಲ್ಯಾಣಿಯ ಅವರೋಹಣಕ್ಕೆ ಬಂದಿತ್ತು. ಆ ಕೋಪಿಷ್ಠ ಮೇಷ್ಟ್ರು ಎಂದೂ ಇಲ್ಲದಷ್ಟು ನಿಧಾನವಾಗಿ, ಒಂದೊಂದೇ ಸ್ವರವನ್ನು ನೆಲ ನೋಡಿ ಇಡುತ್ತಾ ಇಳಿಯುತ್ತಿದ್ದರು. ನಾನು ಒಲೆಯ ಪಕ್ಕದಲ್ಲಿ ನಿಂತು ಅಳುತ್ತಾ ಆ ಬಿಸಿ ರೊಟ್ಟಿ ತಿಂದೆ. ಆಕೆ ಇನ್ನೊಂದು ತಟ್ಟಿದರು.